ಮನಸ್ಸನ್ನು ಹುಡುಕಿದವರು

ಮನಸ್ಸನ್ನು ಅಳೆಯಲು ಹೊರಟವರಿಗೆ ಎದುರಾಗುವ ಮೊದಲ ತೊಡಕು: ಅಳೆಯುವುದೂ ಅದೇ, ಅಳತೆಗೆ ಸಿಗಬೇಕಾದದ್ದೂ ಅದೇ.

1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದರು. ಮೆಟ್ರೊನೋಮ್ ಟಕ್ ಟಕ್ ಎನ್ನುತ್ತಿತ್ತು. ಪಳಗಿದ ವೀಕ್ಷಕ ತನ್ನೊಳಗಿನ ಹಿತ-ಅಹಿತ, ಬಿಗುವು-ಸಡಿಲಗಳನ್ನು ವರದಿ ಮಾಡುತ್ತಿದ್ದ. ಇಬ್ಬರ ವರದಿ ಬೇರೆಯಾದಾಗ ತೀರ್ಪು ಕೊಡಲು ಮೂರನೆಯವನಿಗೆ ದಾರಿಯಿರಲಿಲ್ಲ. ತನ್ನ ಮನಸ್ಸಿಗೆ ತಾನೊಬ್ಬನೇ ಸಾಕ್ಷಿ; ಒಂಟಿ ಸಾಕ್ಷಿಯಿಂದ ವಿಜ್ಞಾನ ನಡೆಯದು.

ಮನಸ್ಸನ್ನು ಕತ್ತರಿಸಿದರೆ ತುಣುಕು ಸಿಗುತ್ತದೆ, ಹರಿವು ಸಿಗುವುದಿಲ್ಲ. ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಕಂಡಿದ್ದರು.

ವಿಯೆನ್ನಾದ ಬೆರ್ಗ್‌ಗಾಸೆ 19ರಲ್ಲಿ ರೋಗಿ ಮಂಚದ ಮೇಲೆ ಒರಗಿದರೆ ಫ್ರಾಯ್ಡ್ ತಲೆದೆಸೆಯಲ್ಲಿ, ಕಣ್ಣಿಗೆ ಬೀಳದಂತೆ ಕೂರುತ್ತಿದ್ದರು. ಎದುರಿಗೆ ಮುಖವಿಲ್ಲದಾಗ ಮಾತಿಗೆ ಧೈರ್ಯ ಬರುತ್ತದೆ.

ಅವರ ವ್ಯಾಖ್ಯಾನವನ್ನು ರೋಗಿ ಒಪ್ಪಿದರೆ ಪುರಾವೆ, ಒಪ್ಪದಿದ್ದರೆ ಪ್ರತಿರೋಧ. ಹೀಗೆ ಎರಡೂ ಕಡೆ ಗೆಲ್ಲುವ ಸಿದ್ಧಾಂತ ಪರೀಕ್ಷೆಗೆ ಕೂತೇ ಇಲ್ಲ. ಫ್ರಾಯ್ಡ್ ಅವರ ಎಷ್ಟೋ ತೀರ್ಮಾನಗಳು ಬಿದ್ದುಹೋಗಿವೆ. ನೊಂದವರ ಮಾತನ್ನು ತಡೆಯದೆ ಕೇಳುವುದೂ ಚಿಕಿತ್ಸೆ ಎಂಬುದು ಬಿದ್ದಿಲ್ಲ.

1922ರಲ್ಲಿ ಕಲ್ಕತ್ತದಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಫ್ರಾಯ್ಡ್ ಅವರನ್ನು ಕಂಡವರಲ್ಲ. ಪತ್ರಗಳಲ್ಲೇ ಗೌರವ ಸಲ್ಲಿಸಿದರು, ಪತ್ರಗಳಲ್ಲೇ ಭಿನ್ನಮತ ತಿಳಿಸಿದರು. ಗುರುವಿನ ಸಿದ್ಧಾಂತ ಗುರುವಿನ ಊರಿನ ರೋಗಿಗಳದ್ದು. ಶಿಷ್ಯನ ಸಂಶಯ ತನ್ನ ಊರಿನ ರೋಗಿಗಳದ್ದು.

ಪಾವ್ಲೋವ್ ಅವರಿಗೆ 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಮನಶ್ಶಾಸ್ತ್ರ ಅವರನ್ನು ನೆನೆಯುವುದು ಆ ಅಧ್ಯಯನಕ್ಕೆ ಅಡ್ಡಬಂದ ಒಂದು ಸಂಗತಿಯಿಂದ: ಊಟಕ್ಕೆ ಮೊದಲೇ ಸುರಿದ ನಾಯಿಯ ಜೊಲ್ಲು.

ಆ ಜೊಲ್ಲಿನಂತೆ ಹೊರಗೆ ಕಾಣುವುದನ್ನಷ್ಟೇ ಲೆಕ್ಕಕ್ಕೆ ಹಿಡಿದದ್ದು ವರ್ತನಾವಾದದ ಪ್ರಾಮಾಣಿಕತೆ. ಕಾಣದ್ದು ಲೆಕ್ಕಕ್ಕೇ ಇಲ್ಲವೆಂದದ್ದು ಅದರ ದುಡುಕು.

ಒಂದಾದ ಮೇಲೊಂದು ಹೊತ್ತಿ ಆರುವ ಎರಡು ಗೆರೆಗಳು. ಯಾವುದೂ ಚಲಿಸುವುದಿಲ್ಲ; ಕಣ್ಣು ಮಾತ್ರ ಚಲನೆಯನ್ನೇ ಕಾಣುತ್ತದೆ. 1912ರಲ್ಲಿ ಮ್ಯಾಕ್ಸ್ ವರ್ಥೈಮರ್ ಇದನ್ನು ಪ್ರಕಟಿಸಿದರು. ಭಾಗಗಳಲ್ಲಿ ಇಲ್ಲದ್ದು ಇಡಿಯಲ್ಲಿರಬಹುದು ಎಂಬ ಗೆಸ್ಟಾಲ್ಟ್ ಪಂಥದ ಬುನಾದಿ ಅಷ್ಟೇ.

ಅದೇ ಪಂಥದ ವುಲ್ಫ್‌ಗ್ಯಾಂಗ್ ಕೋಲರ್, ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ಕಿತ್ತುಹಾಕಿದಾಗ, 1933ರ ಜರ್ಮನಿಯಲ್ಲಿ ಪತ್ರಿಕೆಗೆ ಲೇಖನ ಬರೆದು ಪ್ರತಿಭಟಿಸಿದರು. ಮನಸ್ಸಿನ ಬಗ್ಗೆ ಬರೆದವರು ಬಹಳ. ಮನಸ್ಸು ಗಟ್ಟಿ ಮಾಡಿ ಬರೆದವರು ಕಡಿಮೆ.

ನುಡಿಯೂ ಕಲಿತ ವರ್ತನೆಯೇ ಎಂದರು ವರ್ತನಾವಾದಿ ಸ್ಕಿನ್ನರ್, 1957ರಲ್ಲಿ. ಮಗು ತಾನು ಎಂದೂ ಕೇಳದ ವಾಕ್ಯವನ್ನು ಆಡುತ್ತದಲ್ಲ ಎಂದರು ಚೋಮ್‌ಸ್ಕಿ, 1959ರಲ್ಲಿ. ವರ್ತನಾವಾದ ಹೊರಗಟ್ಟಿದ ಮನಸ್ಸು ಮಗುವಿನ ಬಾಯಿಂದಲೇ ಶಾಸ್ತ್ರದೊಳಕ್ಕೆ ಮರಳಿತು.

ಖಿನ್ನತೆ ಎಂದರೆ ಒಳಕ್ಕೆ ತಿರುಗಿದ ಕೋಪ ಎಂದು ಆರನ್ ಬೆಕ್ ಕಲಿತಿದ್ದರು. ಪುರಾವೆಗಾಗಿ ರೋಗಿಗಳ ಕನಸುಗಳನ್ನು ಹುಡುಕಿದರೆ ಸಿಕ್ಕಿದ್ದು ಕೋಪವಲ್ಲ, ಸೋಲು ಮತ್ತು ನಷ್ಟ. ಅವರು ಸಿದ್ಧಾಂತವನ್ನು ಬಿಟ್ಟರು, ರೋಗಿಯನ್ನು ನಂಬಿದರು. ಇಂದಿನ ಅರಿವಿನ ಚಿಕಿತ್ಸೆ ಬೆಳೆದದ್ದು ಅಲ್ಲಿಂದ.

ಮೊದಲು ಅನ್ನ, ಆಮೇಲೆ ಬದುಕಿನ ಅರ್ಥ ಎಂಬುದು ಮ್ಯಾಸ್ಲೊ ಅವರ ಅಗತ್ಯಗಳ ಶ್ರೇಣಿಯ ಲೆಕ್ಕ. ಅನ್ನವಿಲ್ಲದ ಆಶ್‌ವಿಟ್ಜ್ ದಾಟಿ ಬಂದ ವಿಕ್ಟರ್ ಫ್ರಾಂಕ್ಲ್ ಆ ಲೆಕ್ಕ ಒಪ್ಪಲಿಲ್ಲ.

ಒಂದನ್ನೊಂದು ಸುಳ್ಳೆನ್ನುವ ಚಿಕಿತ್ಸೆಗಳಿಂದಲೂ ಜನ ಗುಣವಾಗುತ್ತಾರೆ. ಹಾಗಾದರೆ ಗುಣ ಇರುವುದು ಅವುಗಳ ಜಗಳದಲ್ಲಲ್ಲ, ಅವುಗಳಿಗೆ ಸಮಾನವಾದುದರಲ್ಲಿ ಇರಬಹುದು ಎಂದು 1936ರಲ್ಲೇ ಸಾಲ್ ರೋಸೆನ್‌ಝ್ವೈಗ್ ಸೂಚಿಸಿದರು. ಪಂಥಗಳು ಈ ಮಾತನ್ನು ಇನ್ನೂ ಅರಗಿಸಿಕೊಂಡಿಲ್ಲ.

ವರ್ತನಾವಾದದ ಒಂದು ಪ್ರಯೋಗದಲ್ಲಿ 11 ತಿಂಗಳ ಆಲ್ಬರ್ಟ್ ಬಿಳಿ ಇಲಿಯತ್ತ ಕೈ ಚಾಚಿದ. ಬೆನ್ನ ಹಿಂದೆ ಉಕ್ಕಿನ ಸರಳಿನ ಮೇಲೆ ಸುತ್ತಿಗೆ ಬಿತ್ತು. ಮತ್ತೆ ಕೈ, ಮತ್ತೆ ಸುತ್ತಿಗೆ. ಆಮೇಲೆ ಸದ್ದಿಲ್ಲದಿದ್ದರೂ ಇಲಿ ಕಂಡರೆ ಅಳು, ಮೊಲ ಕಂಡರೂ ಅಳು. 1920ರಲ್ಲಿ ವಾಟ್ಸನ್ ಮತ್ತು ರೇನರ್ ಇದನ್ನು ಪ್ರಕಟಿಸಿದರು. ಹುಟ್ಟಿಸಿದ ಭಯವನ್ನು ಅವರು ಕಳೆಯಲೇ ಇಲ್ಲ. ಭಯ ಕಲಿತದ್ದು ಎಂಬ ಸಿದ್ಧಾಂತ ರುಜುವಾತಾಯಿತು ಎಂಬುದು ಇದಕ್ಕೆ ಉತ್ತರವಲ್ಲ.

ಮೊಲಕ್ಕೆ ಹೆದರುತ್ತಿದ್ದ ಇನ್ನೊಂದು ಮಗು ಪೀಟರ್. ಮೇರಿ ಕವರ್ ಜೋನ್ಸ್ ಅವನಿಗೆ ಇಷ್ಟದ ತಿಂಡಿ ಕೊಡುತ್ತಾ ಪಂಜರದ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಹೆದರಿದರೆ ದೂರ ಸರಿಸಿದರು, ಮರಳಿ ತಂದರು. ಕೊನೆಗೆ ಮೊಲ ಬೆರಳನ್ನು ಮೆಲ್ಲಗೆ ಕಡಿದರೂ ಪೀಟರ್ ಕೈ ಹಿಂದೆಗೆಯಲಿಲ್ಲ. ವರದಿ ಬಂದದ್ದು 1924ರಲ್ಲಿ. ಸಿದ್ಧಾಂತ ವಾಟ್ಸನ್ ಅವರದ್ದೇ.

ಒಂದೇ ನಿಯಮ ಹೆದರಿಸಲೂ ಬರುತ್ತದೆ, ಸಂತೈಸಲೂ ಬರುತ್ತದೆ. ಯಾವುದಕ್ಕೆ ಎಂದು ನಿಯಮ ಹೇಳುವುದಿಲ್ಲ.

ಆಲ್ಬರ್ಟ್‌ನ ಹೆಸರು ಕೇಳದ ಮನಶ್ಶಾಸ್ತ್ರದ ವಿದ್ಯಾರ್ಥಿ ಅಪರೂಪ. ಆ ಪಾಠ ಮಾಡುವ ಅಧ್ಯಾಪಕರು ಅದೇ ತರಗತಿಯಲ್ಲಿ, ಗಂಟೆ ಹೊಡೆಯುವ ಮೊದಲು, ಪೀಟರ್‌ನ ಪಾಠವನ್ನೂ ಮುಗಿಸಲಿ.