ರಜೆಯ ಸುಖವೂ ಕಡೆಗೋಲಿನ ಕೃಷ್ಣನೂ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಗರವಾಸಿಗಳಾದ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಸಾಧನೆಯನ್ನೇ ಗುರಿಯಾಗಿಟ್ಟುಕೊಳ್ಳಬೇಕಾದ ಆಸ್ತಿಕನು ಹಣವನ್ನೂ ಕಾಲವನ್ನೂ ವಿಹಾರಕ್ಕಾಗಿ ವ್ಯಯಿಸುವುದು ಯುಕ್ತವೇ? ಹಿರಿಯರಲ್ಲಿ ಕೆಲವರು ‘ಸಲ್ಲದು’ ಎನ್ನುತ್ತಾರೆ. ತರುಣರು ‘ವರ್ಷವಿಡೀ ದುಡಿದಿದ್ದೇವೆ, ಸುಖಪಡುವ ಹಕ್ಕು ನಮ್ಮದು’ ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ನಮಗಾದ ಅನುಭವವು ಈ ಎರಡು ಮಾತುಗಳನ್ನೂ ಪರಾಮರ್ಶಿಸುವಂತೆ ಮಾಡಿತು.

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆದಂದಿನಿಂದ ಮುಂಬಯಿಯಲ್ಲಿರುವ ನಮಗೆ ಉಡುಪಿ ಒಂದು ರಾತ್ರಿಯ ಹಾದಿ. ಮಲ್ಪೆಯ ಬಳಿಯ ಅಣ್ಣನ ಮನೆಯಲ್ಲಿ ಸಕುಟುಂಬವಾಗಿ ಹತ್ತು ದಿನ ತಂಗಿದ್ದೆವು. ವಡಭಾಂಡೇಶ್ವರದಲ್ಲಿ ಬಲರಾಮದೇವರ ದರ್ಶನ, ಅಮಾವಾಸ್ಯೆಯಂದು ಸಂಕಲ್ಪಪೂರ್ವಕವಾದ ಸಮುದ್ರಸ್ನಾನ, ಕಂಬಗಳಂತೆ ನಿಂತ ಶಿಲೆಗಳ ಸೇಂಟ್ ಮೇರಿ ದ್ವೀಪಕ್ಕೆ ದೋಣಿಯ ಪಯಣ, ಉಳಿದ ಸಂಜೆಗಳಲ್ಲಿ ಮಕ್ಕಳಿಗೆ ಮರಳಿನ ಆಟ. ಹಸಿದು ಮನೆಗೆ ಬಂದರೆ ಎಲೆ ಹಾಕಿರುತ್ತಿತ್ತು. ನಾಲ್ಕು ದಿನ ಹೀಗೆ ಕಳೆದುವು.

ಐದನೆಯ ರಾತ್ರಿ ನಮ್ಮ ಕಿರಿಯ ಮಗಳು ಅತ್ತಿಗೆಯವರನ್ನು ಕೇಳಿದಳು: “ದೊಡ್ಡಮ್ಮಾ, ನಿಮಗೆ ಸಮುದ್ರ ಇಷ್ಟವಿಲ್ಲವೇ?”

“ಇಷ್ಟವಿಲ್ಲದೆ ಏನು ಮಗೂ! ನೋಡಿ ಎರಡು ವರ್ಷವಾಯಿತು. ನೀವೆಲ್ಲ ಬರುವ ಹೊತ್ತಿಗೆ ಅಡುಗೆಯಾಗಬೇಕಲ್ಲ.”

ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ನಮಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಲೆಗಳ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದೂ ಆ ಸಾಧ್ವಿಗೆ ಕಡಲು ದೂರವಾಗಿತ್ತು. ನಾವು ಬಂದುದರಿಂದ ಇನ್ನಷ್ಟು ದೂರವಾಯಿತು.

ಸುಖವು ನಮ್ಮ ಸಿದ್ಧಾಂತಕ್ಕೆ ವೈರಿಯಲ್ಲ. ಮುಕ್ತಿಯೆಂದರೆ ಜೀವನು ತನ್ನ ಸ್ವರೂಪಸುಖವನ್ನು ಅನುಭವಿಸುವುದೆಂದೇ ಅದು ಸಾರುತ್ತದೆ. ಆದ್ದರಿಂದ ವಿಹಾರವನ್ನೇ ದೋಷವೆನ್ನಲಾಗದು. ಹಾಗೆಂದು ‘ಹಕ್ಕು’ ಎಂಬ ಮಾತೂ ನಿಲ್ಲುವುದಿಲ್ಲ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದ್ದಾರೆ. ಶ್ರೀಹರಿಯೊಬ್ಬನೇ ಸ್ವತಂತ್ರನಾಗಿರುವಾಗ ನಮಗೆ ದೊರೆತ ಸುಖವೆಲ್ಲವೂ ಅವನಿಂದ ಬಂದುದು, ಬಹುಮಟ್ಟಿಗೆ ಇನ್ನೊಬ್ಬರ ಕೈಯ ಮೂಲಕ ಬಂದುದು. ದೇವತೆಗಳು ಕೊಟ್ಟುದನ್ನು ಅವರಿಗೆ ಅರ್ಪಿಸದೆ ಉಣ್ಣುವವನು ಕಳ್ಳನೆಂದು ಗೀತೆಯ ಮೂರನೆಯ ಅಧ್ಯಾಯ ಎಚ್ಚರಿಸುತ್ತದೆ. ನೈವೇದ್ಯವಾದ ಅನ್ನವನ್ನೇ ನಾವು ಉಂಡಿದ್ದೆವು, ನಿಜ. ಆದರೆ ಬಡಿಸಿದವರ ಆಯಾಸವನ್ನು ಲೆಕ್ಕಕ್ಕೆ ತಾರದೆ ಉಂಡಿದ್ದೆವು.

ಆ ರಾತ್ರಿ ನಮಗೆ ಮಲ್ಪೆಯ ಕಡಲತೀರದ ಪ್ರಸಿದ್ಧ ಪ್ರಸಂಗವೇ ನೆನಪಾಯಿತು. ಬಿರುಗಾಳಿಗೆ ಸಿಲುಕಿದ ಹಡಗನ್ನು ಆಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ದಡ ಸೇರಿಸಿದರೆಂದೂ, ನಾವಿಕನು ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿ ಶ್ರೀಕೃಷ್ಣನ ಪ್ರತಿಮೆ ದೊರೆಯಿತೆಂದೂ ಸಂಪ್ರದಾಯವು ಹೇಳುತ್ತದೆ. ಉಡುಪಿಯಲ್ಲಿ ನೆಲೆಸಿದ ಆ ಬಾಲಕೃಷ್ಣನ ಕೈಯಲ್ಲಿರುವುದು ಏನು? ಕಡೆಗೋಲು ಮತ್ತು ಹಗ್ಗ. ತಾಯಿ ಮೊಸರು ಕಡೆಯುವ ಸಾಧನವನ್ನು ಜಗದೊಡೆಯನು ಹಿಡಿದು ನಿಂತಿದ್ದಾನೆ. ಎಷ್ಟೋ ಸಲ ಅವನ ದರ್ಶನ ಮಾಡಿದ್ದ ನಾವು, ಮನೆಯಲ್ಲಿ ಕಡೆಗೋಲು ಯಾರ ಕೈಯಲ್ಲಿದೆಯೆಂದು ನೋಡಿರಲಿಲ್ಲ.

ಮರುದಿನದಿಂದ ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು, ಹಲಸಿನ ಹಪ್ಪಳ ಒತ್ತಿ ಚಾಪೆಯ ಮೇಲೆ ಒಣಗಿಸುವುದು ಗಂಡಸರಿಗೂ ಮಕ್ಕಳಿಗೂ ಹಂಚಿಕೆಯಾದುವು. ಅತ್ತಿಗೆಯವರು ಮೊದಲು ಒಪ್ಪಲಿಲ್ಲ. ನಮ್ಮ ಸೊಟ್ಟ ಹಪ್ಪಳಗಳನ್ನು ಕಂಡು ನಕ್ಕ ಮೇಲೆ ಒಪ್ಪಿದರು. ಆ ಸಂಜೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಲೆಗೆ ಕಾಲೊಡ್ಡಿ ಬಹಳ ಹೊತ್ತು ಮೌನವಾಗಿ ನಿಂತರು. ಹತ್ತು ದಿನಗಳ ವಿಹಾರದಲ್ಲಿ ನಮ್ಮ ಮನಸ್ಸಿಗೆ ಅತ್ಯಂತ ಹಿತವಾದ ಗಳಿಗೆ ಅದು.

ಮುಂಬಯಿಗೆ ಮರಳಿದಾಗ ರಜೆ ಇನ್ನೂ ಉಳಿದಿತ್ತು. ಮಾವಿನ ಹಣ್ಣಿನ ಸೀಕರಣೆ, ಮಧ್ಯಾಹ್ನ ಚೌಕಾಬಾರ, ತಾರಸಿಯ ಬೆಳದಿಂಗಳಲ್ಲಿ ಕೈತುತ್ತು. ಮೊದಲ ದಿನ ಆಟಕ್ಕೆ ಕುಳಿತಾಗ ಒಳಗಿನಿಂದ ಪಾತ್ರೆಗಳ ಸದ್ದು ಕೇಳಿಬಂದಿತು. ಅತ್ತಿಗೆಯವರಲ್ಲಿ ಐದು ದಿನಕ್ಕೆ ಕಂಡುದನ್ನು ನಮ್ಮ ಗೃಹಿಣಿಯಲ್ಲಿ ಇಪ್ಪತ್ತು ವರ್ಷ ಕಂಡಿರಲಿಲ್ಲ. ನಾಚಿಕೆಯಾಯಿತು. ಆಟವನ್ನು ನಿಲ್ಲಿಸಿ ಎಲ್ಲರೂ ಎದ್ದೆವು. ಕೆಲಸ ಮುಗಿದ ಮೇಲೆ ಐವರೂ ಕುಳಿತು ಆಡಿದೆವು. ಅಂದಿನಿಂದ ಇದು ನಮ್ಮ ಮನೆಯ ಕ್ರಮವಾಗಿದೆ.

ಕಡಲತೀರಕ್ಕೆ ಹೋಗುವ ಅನುಕೂಲ ಎಲ್ಲರಿಗೂ ಇರದು, ಇರಬೇಕೆಂದೂ ಇಲ್ಲ. ವಾಚಕರು ಈ ರಜೆಯನ್ನು ಎಲ್ಲಿಯೇ ಕಳೆಯಲಿ, ಎಲೆಯ ಮುಂದೆ ಕುಳಿತಾಗ ಒಮ್ಮೆ ತಲೆಯೆತ್ತಿ, ಇನ್ನೂ ಕುಳಿತುಕೊಳ್ಳದವರು ಯಾರೆಂದು ನೋಡಲಿ. ಅವರನ್ನೂ ಸೇರಿಸಿಕೊಂಡ ಸುಖವನ್ನು ನಿಸ್ಸಂಕೋಚವಾಗಿ ದೇವರಿಗೆ ಅರ್ಪಿಸಬಹುದು.

ಶ್ರೀಕೃಷ್ಣಾರ್ಪಣಮಸ್ತು.