ಸಂಪಿಗೆಯ ಹೂವು ಯಾರದು?

ಸಂಪಿಗೆಯ ಮರವನ್ನು ನೆಟ್ಟು ಬೆಳೆಸಿದವನು ಅದರ ಹೂವನ್ನು ದೇವರಿಗೆ ಏರಿಸುವಾಗ ಕೊಡುತ್ತಿರುವುದು ತನ್ನದನ್ನೋ ಮರದ್ದನ್ನೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದಾಗಿ ಕಂಡರೂ, ಅರ್ಪಣೆಗೂ ಒಡೆತನಕ್ಕೂ ಇರುವ ನಂಟನ್ನೇ ಅದು ಕೆದಕುತ್ತದೆ. 1753ರಲ್ಲಿ ಲಿನೇಯಸ್ ಮಿಖೇಲಿಯ ಚಂಪಕ ಎಂದು ಕರೆದ ಈ ಮರವನ್ನು ಇಂದಿನ ಸಸ್ಯಶಾಸ್ತ್ರವು ಮ್ಯಾಗ್ನೋಲಿಯ ಕುಲಕ್ಕೆ ಸೇರಿಸಿದೆ. ಕುಲ ಬದಲಾದರೂ ಸಂಸ್ಕೃತದ ಚಂಪಕವೆಂಬ ಹೆಸರು ಹಾಗೆಯೇ ಉಳಿದಿದೆ.

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯವು ಎಲೆ, ಹೂ, ಹಣ್ಣು, ನೀರುಗಳಲ್ಲಿ ಯಾವುದನ್ನಾದರೂ ಭಕ್ತಿಯಿಂದ ಕೊಟ್ಟರೆ ಸಾಕೆನ್ನುವ ಮೂಲಕ ಬೆಲೆಯನ್ನು ವಸ್ತುವಿನಿಂದ ಭಾವಕ್ಕೆ ವರ್ಗಾಯಿಸುತ್ತದೆ. ಸದ್ಗುಣಗಳನ್ನೇ ಎಂಟು ಹೂಗಳೆಂದು ಎಣಿಸುವ ಅಷ್ಟಪುಷ್ಪದ ಕಲ್ಪನೆಯಲ್ಲಿ ಅಹಿಂಸೆಯೇ ಮೊದಲ ಹೂ. ಜೈನರಲ್ಲಿ ಈ ಚರ್ಚೆ ಆಚರಣೆಯ ಭೇದವಾಗಿಯೇ ಬೆಳೆಯಿತು: ಹೂವು ಸಚಿತ್ತ, ಅಂದರೆ ಜೀವವುಳ್ಳದ್ದು ಎಂಬ ಕಾರಣಕ್ಕೆ ದಿಗಂಬರ ತೇರಾಪಂಥದವರು ಪೂಜೆಯಲ್ಲಿ ಅದನ್ನು ಬಳಸದೆ ಬಿಟ್ಟರೆ, ಬೀಸಪಂಥದವರು ಉಳಿಸಿಕೊಂಡರು.

ಮರದ ಕಡೆಯಿಂದ ನೋಡಿದರೆ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕಸಿ ಗಿಡವು ಎರಡು ಮೂರು ವರ್ಷಗಳಲ್ಲಿ ಹೂ ಬಿಡಬಹುದಾದರೂ, ಬೀಜದಿಂದ ಎದ್ದ ಸಸಿ ಹಲವು ವರ್ಷ ಕಾಯಿಸುತ್ತದೆ. ಅಷ್ಟು ಕಾಲವೂ ಪಾತಿಯಲ್ಲಿ ನೀರು ನಿಲ್ಲದಂತೆ, ಬುಡ ಒಣಗದಂತೆ, ಮೆತ್ತನೆಯ ಬೇರಿಗೆ ಗುದ್ದಲಿ ತಾಗದಂತೆ ನೋಡಿಕೊಳ್ಳಬೇಕು. ಅರಳಿದ ಹೂವಿನ ಎಸಳನ್ನು ಬೆರಳಿನಿಂದ ಹಿಸುಕಿದರೆ ಹಿಸುಕಿದ ಜಾಗ ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ. ಎಸಳುಗಳ ನಡುವೆ ಹಸಿರು ಕಡ್ಡಿಯಂತೆ ನಿಂತಿರುವ ಭಾಗವೇ ಮುಂದೆ ಕಾಯಿಗೊಂಚಲಾಗಿ, ಒಡೆದು, ಕೆಂಪು ತಿರುಳು ಹೊದ್ದ ಬೀಜಗಳನ್ನು ಹಕ್ಕಿಗಳ ಮುಂದೆ ಒಡ್ಡುತ್ತದೆ. ಬಿದ್ದ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ, ತಿರುಳನ್ನು ತೊಳೆದು ಹಸಿಯಾಗಿರುವಾಗಲೇ ಬಿತ್ತಬೇಕು. ಆದ್ದರಿಂದ ಹೂವನ್ನೆಲ್ಲ ಬುಟ್ಟಿಗೆ ತುಂಬಿಕೊಂಡ ವರ್ಷ ಮರಕ್ಕೆ ಕಾಯಿಯಿಲ್ಲ, ಹಕ್ಕಿಗೆ ತಿನಿಸಿಲ್ಲ, ನೆಲಕ್ಕೆ ಬೀಜವಿಲ್ಲ.

ಇಲ್ಲಿ ಶರಣರ ದಾಸೋಹದ ತತ್ತ್ವ ನೆರವಿಗೆ ಬರುತ್ತದೆ. ದಾನದಲ್ಲಿ ಕೊಡುವವನೊಬ್ಬ ಒಡೆಯನಿದ್ದಾನೆ. ದಾಸೋಹದಲ್ಲಿ, ಪದವೇ ಸೂಚಿಸುವಂತೆ, ಕೊಡುವವನು ದಾಸ, ಅವನ ಕೈ ಸೇರಿದ್ದು ಮೊದಲಿನಿಂದಲೂ ಅವನದಲ್ಲ. ಬೆಳೆದವನದು ಎನ್ನಬಹುದಾದದ್ದೇನಾದರೂ ಇದ್ದರೆ ಅದು ಆರೈಕೆಯ ದುಡಿಮೆಯೇ ಹೊರತು ಹೂವಲ್ಲ. ಹೀಗೆಂದು ಒಪ್ಪಿದ ಮೇಲೆ ಹೂ ಕೊಯ್ಯುವುದು ತಪ್ಪಾಗಬೇಕಿಲ್ಲ, ಆದರೆ ಎಲ್ಲವನ್ನೂ ಕೊಯ್ಯುವುದು ದಾಸನ ನಡೆಯಾಗಲಾರದು, ಏಕೆಂದರೆ ಅದೇ ದಾಸೋಹದ ಪಂಕ್ತಿಯಲ್ಲಿ ಹಕ್ಕಿಯೂ ನೆಲವೂ ಕುಳಿತಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯಲ್ಲಿ ಮರವೇ ದೈವದ ನೆಲೆಯಾಗಿದ್ದು, ಭಕ್ತನು ನಡೆದು ಅದರ ಬುಡಕ್ಕೆ ಬರುತ್ತಾನೆ. ಆ ದೃಷ್ಟಿಯಿಂದ ನೋಡಿದರೆ ಮನೆಯಂಗಳದ ಸಂಪಿಗೆಯ ತುದಿಕೊಂಬೆಯಲ್ಲಿ ಕೈಗೆಟುಕದೆ ಉಳಿದ ಹೂವು ಪೂಜೆಗೆ ತಪ್ಪಿದ್ದಲ್ಲ. ಅದು ಇದ್ದಲ್ಲಿಯೇ ಸಂದಿದೆ.