ಯಾರಿಂದ, ಯಾತರಿಂದ

ಅಪ್ಪಯ್ಯ ತೀರಿಕೊಳ್ಳುವ ಹಿಂದಿನ ವಾರ ನನ್ನನ್ನು ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿದರು: “ಅವನಿಗೆ ಹೀಗಾದದ್ದು ನನ್ನಿಂದಲೇ ಅಲ್ವೇನೋ?”

ಅವನು ಎಂದರೆ ನನ್ನ ತಮ್ಮ. 1988ರ ಮಳೆಗಾಲದಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅವನಿಗೆ ನಿದ್ದೆ ಹೋಯಿತು. ರೇಡಿಯೊದಲ್ಲಿ ಪ್ರದೇಶ ಸಮಾಚಾರ ಓದುವವರು ತನ್ನ ವಿಷಯವನ್ನೇ ಹೇಳುತ್ತಿದ್ದಾರೆ ಎನ್ನತೊಡಗಿದ. ಅಮ್ಮ ಬಡಿಸಿದ ಅನ್ನವನ್ನು ಮೂಸಿ ನೋಡಿ ತಟ್ಟೆ ಸರಿಸುತ್ತಿದ್ದ. ಅಡಿಕೆ ತೋಟದಲ್ಲಿ ಯಾರೋ ಅಡಗಿದ್ದಾರೆಂದು ನಡುರಾತ್ರಿ ಬ್ಯಾಟರಿ ಹಿಡಿದು ಸುರಿಯುವ ಮಳೆಯಲ್ಲಿ ಹೋಗಿಬಿಡುತ್ತಿದ್ದ. ತೀರ್ಥಹಳ್ಳಿಯ ಕಡೆಯ ನಮ್ಮ ಊರು ಅದಕ್ಕೆ ತನಗೆ ಗೊತ್ತಿದ್ದ ಹೆಸರುಗಳನ್ನು ಕೊಟ್ಟಿತು. ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ, ತಲೆ ಕೆಟ್ಟಿದೆ. ಹರಕೆ ಹೊತ್ತದ್ದಾಯಿತು, ಅಂತ್ರ ಕಟ್ಟಿಸಿದ್ದಾಯಿತು. ಕೊನೆಗೊಬ್ಬ ಜ್ಯೋತಿಷಿ ಕವಡೆ ಹಾಕಿ, “ಮನೆಯ ಯಜಮಾನನಿಂದ ಸರ್ಪಹತ್ಯೆ ಆಗಿದೆ” ಎಂದರು.

ಅಪ್ಪಯ್ಯನ ಮುಖ ಬಿಳುಚಿಕೊಂಡಿತು. 1972ರಲ್ಲಿ ಕೊಟ್ಟಿಗೆಯ ಪಕ್ಕದ ತರಗೆಲೆಯ ರಾಶಿಯಲ್ಲಿ ಎದ್ದ ನಾಗರಹಾವೊಂದನ್ನು ಅವರು ದೊಣ್ಣೆಯಿಂದ ಹೊಡೆದಿದ್ದರು. ಆ ರಾಶಿಯ ಮೇಲೆ ಆಡುತ್ತಿದ್ದದ್ದು ಆರು ವರ್ಷದ ನನ್ನ ತಮ್ಮ. ಮಗನ ಜೀವ ಉಳಿಸಲು ಎತ್ತಿದ ಕೈಯೇ ಅವನ ಬುದ್ಧಿಯನ್ನು ಕೆಡಿಸಿತೆಂದು ಅವರು ಅಂದಿನಿಂದ ನಂಬಿದರು. ಸರ್ಪಸಂಸ್ಕಾರ ಮಾಡಿಸಿದರು. ನಾಗರ ಪಂಚಮಿಯ ದಿನ ಎಲ್ಲರೂ ತನಿ ಎರೆದು ಮನೆಗೆ ಬಂದ ಮೇಲೂ ಅವರೊಬ್ಬರೇ ನಾಗರಕಲ್ಲಿನ ಮುಂದೆ ಕೂತಿರುತ್ತಿದ್ದರು. ಎಂಟು ವರ್ಷ ಹಾಗೆ ಬದುಕಿ 1996ರಲ್ಲಿ ಹೋದರು.

ಅವರ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು ನಾನು. ಪುರಾಣ, ಉಪನಿಷತ್ತು ಓದಿದವನ ಬಾಯಿಂದ ‘ಅಲ್ಲ’ ಎಂಬ ಎರಡಕ್ಷರ ಬಂದಿದ್ದರೆ ಅವರು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದರು. ಬರಲಿಲ್ಲ. ನನಗೇ ಗಟ್ಟಿಯಿರಲಿಲ್ಲ. ಆ ಎರಡಕ್ಷರವನ್ನು ಹೇಳುವ ಹಕ್ಕು ನನಗೆ ಎಲ್ಲಿಂದ ಬರಬೇಕಿತ್ತು ಎಂಬುದನ್ನು ಅಂದಿನಿಂದ ಹುಡುಕುತ್ತಿದ್ದೇನೆ.

ಕಾಯಿಲೆ ಬಂದಾಗ ನಾವು ‘ಯಾಕೆ ಬಂತು’ ಎನ್ನುತ್ತೇವೆ. ಅದರೊಳಗೆ ಎರಡು ಪ್ರಶ್ನೆಗಳಿವೆ. ಯಾತರಿಂದ ಬಂತು ಎಂಬುದು ಒಂದು. ಯಾರಿಂದ ಬಂತು ಎಂಬುದು ಇನ್ನೊಂದು. ಅಡಿಕೆ ಮರದಿಂದ ಬಿದ್ದು ಕಾಲು ಮುರಿದವನ ಮನೆಯಲ್ಲಿ ಮೊದಲನೆಯದನ್ನು ಕೇಳುತ್ತಾರೆ. ಮನಸ್ಸು ಮುರಿದವನ ಮನೆಯಲ್ಲಿ ಎರಡನೆಯದನ್ನು.

ನಮ್ಮ ಪರಂಪರೆಯಲ್ಲಿ ಎರಡನೆಯ ಪ್ರಶ್ನೆಗೆ ಸಿದ್ಧ ಉತ್ತರ ಕರ್ಮ. ಆದರೆ ಇದೇ ನೆಲದಲ್ಲಿ ಹುಟ್ಟಿದ ಹಳೆಯ ಮಾತುಗಳು ಆ ಉತ್ತರವನ್ನು ಇಷ್ಟು ಸಲೀಸಾಗಿ ಬಳಸಲು ಬಿಡುವುದಿಲ್ಲ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲ ಎನ್ನುವವರ ಬಗ್ಗೆ ಕೇಳುತ್ತಾನೆ. ಬುದ್ಧ ಪಿತ್ತ, ಕಫ, ವಾತ, ಇವುಗಳ ಬೆರಕೆ, ಋತುವಿನ ಬದಲಾವಣೆ ಎಂದು ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಎಂಟು ಕಾರಣಗಳಲ್ಲಿ ಕರ್ಮ ಎಂಟನೆಯದು. ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ಲೋಕ ಕಣ್ಣಾರೆ ಕಂಡದ್ದನ್ನು ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ನಿಲುವು. ಅಂಗುತ್ತರ ನಿಕಾಯದಲ್ಲಿ ಇದಕ್ಕಿಂತ ಎಚ್ಚರಿಕೆಯ ಮಾತಿದೆ. ಯೋಚಿಸಿ ತುದಿ ಮುಟ್ಟಲಾಗದ ನಾಲ್ಕು ಸಂಗತಿಗಳಲ್ಲಿ ಕರ್ಮದ ವಿಪಾಕವೂ ಒಂದು, ಅದನ್ನು ಬೆನ್ನಟ್ಟಿ ಹೋದವನಿಗೆ ಹುಚ್ಚು ಹಿಡಿದೀತು ಎನ್ನುತ್ತಾನೆ. ಗೀತೆಯ ನಾಲ್ಕನೆಯ ಅಧ್ಯಾಯವೂ ಕರ್ಮದ ನಡೆ ಸುಲಭವಾಗಿ ತಿಳಿಯುವಂಥದ್ದಲ್ಲವೆಂದೇ ಹೇಳುತ್ತದೆ. ಕೃಷ್ಣನೇ ಕಷ್ಟ ಎಂದದ್ದನ್ನು ನಾವು ಹನ್ನೆರಡು ಕವಡೆಯಲ್ಲಿ ತಿಳಿದುಬಿಡುತ್ತೇವೆ.

ಮಕ್ಕಳಿಗೆ ವ್ಯಾಕರಣ ಕಲಿಸುತ್ತಿದ್ದ ನನಗೆ ಇದು ಪುರುಷ ಮತ್ತು ಕಾಲಗಳ ವಿಷಯವೆಂದು ಕಾಣುತ್ತದೆ. ಕರ್ಮವನ್ನು ಮಧ್ಯಮಪುರುಷದಲ್ಲಿ ಆಡಿದರೆ, ‘ನಿನ್ನ ಕರ್ಮ’ ಎಂದರೆ, ಅದು ಶಾಪ. ಪ್ರಥಮಪುರುಷದಲ್ಲಿ ‘ಅವರ ಕರ್ಮ’ ಎಂದರೆ ಕೈ ತೊಳೆದುಕೊಳ್ಳುವ ಮಾತು. ಅದನ್ನು ಉತ್ತಮಪುರುಷದಲ್ಲಿ ಮಾತ್ರ ಆಡಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಅಪ್ಪಯ್ಯ ಆಡಿದ್ದು ಉತ್ತಮಪುರುಷದಲ್ಲೇ ಅಲ್ಲವೆ? ‘ನನ್ನಿಂದಾಯಿತು’ ಎಂದರು. ಆ ಭೂತಕಾಲ ಅವರನ್ನು ಒಳಗಿನಿಂದ ತಿಂದಿತು. ಕರ್ಮವೆಂಬ ಮಾತು ಮನುಷ್ಯನಿಗೆ ಉಪಕಾರಿಯಾಗುವುದು ಉತ್ತಮಪುರುಷದ ಭವಿಷ್ಯತ್ಕಾಲದಲ್ಲಿ ಮಾತ್ರ. ನಾನು ಮುಂದೇನು ಮಾಡುವೆನು ಎಂಬಲ್ಲಿ.

ಯಾರಿಂದ ಎಂದು ಹುಡುಕುವುದು ಹಳ್ಳಿಯ ಮೂಢನಂಬಿಕೆ, ವಿಜ್ಞಾನದಲ್ಲಿ ಇಂಥದ್ದಿಲ್ಲ ಎಂದುಕೊಳ್ಳುವ ಹಾಗಿಲ್ಲ. ತಮ್ಮನ ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ಅಮೆರಿಕದಲ್ಲಿ 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಹೆಸರಾಂತ ಮನೋವೈದ್ಯೆ, ಈ ಕಾಯಿಲೆಯನ್ನು ಹುಟ್ಟಿಸುವ ತಾಯಿ ಎಂಬರ್ಥದ ಪದವೊಂದನ್ನು ಬಳಕೆಗೆ ತಂದರು. ಪ್ರೀತಿ ಕೊಡದ, ಮಗುವನ್ನು ದೂರ ತಳ್ಳುವ ತಾಯಿಯಿಂದ ಮಗ ಹೀಗಾಗುತ್ತಾನೆ ಎಂಬ ವಿಚಾರವದು. ಮುಂದೆ ದಶಕಗಳ ಕಾಲ ಸಾವಿರಾರು ತಾಯಂದಿರು ಆಸ್ಪತ್ರೆಯ ಬೆಂಚಿನ ಮೇಲೆ ಅಪರಾಧಿಗಳಂತೆ ಕೂತರು. ನಮ್ಮ ಜ್ಯೋತಿಷಿ ಕವಡೆ ಹಾಕಿ ಅಪ್ಪನ ಕಡೆ ಬೆರಳು ತೋರಿಸಿದರು. ಅಲ್ಲಿ ಓದಿದವರು ಸಿದ್ಧಾಂತ ಕಟ್ಟಿ ಅಮ್ಮನ ಕಡೆ ತೋರಿಸಿದರು. ಇಬ್ಬರೂ ಕೇಳಿದ್ದು ಯಾರಿಂದ ಎಂಬುದನ್ನೇ.

ಆ ಸಿದ್ಧಾಂತವನ್ನು ಅಲುಗಿಸಿದ್ದು, ಯಾತರಿಂದ ಎಂದು ತಾಳ್ಮೆಯಿಂದ ಕೇಳಿದ ಸಂಶೋಧನೆ. 1966ರಲ್ಲಿ ಲೆನರ್ಡ್ ಹೆಸ್ಟನ್ ಅವರು, ಈ ಕಾಯಿಲೆಯಿದ್ದ ತಾಯಂದಿರಿಗೆ ಹುಟ್ಟಿ ಕೆಲವೇ ದಿನಗಳಲ್ಲಿ ಅವರಿಂದ ಬೇರೆಯಾಗಿ ಬೆಳೆದ 47 ಮಕ್ಕಳ ಬದುಕನ್ನು ಪರಿಶೀಲಿಸಿದರು. ತಾಯಿಯ ಮಡಿಲನ್ನೇ ಕಾಣದ ಆ ಮಕ್ಕಳಲ್ಲಿ 5 ಜನರಿಗೆ ಕಾಯಿಲೆ ಬಂದಿತ್ತು. ಹಾಗೆಯೇ ಬೇರೆಯಾಗಿ ಬೆಳೆದ, ಕಾಯಿಲೆಯಿಲ್ಲದ ತಾಯಂದಿರ 50 ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಸಾಕಿದ ರೀತಿಯಿಂದಲೇ ಬರುತ್ತದೆ ಎನ್ನುವುದು ಇನ್ನು ಕಷ್ಟವಾಯಿತು. ಹಾಗಾದರೆ ರಕ್ತದ ತಪ್ಪೇ? ಅದೂ ಅಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನಿಗೆ ಬಂದರೂ ಇನ್ನೊಬ್ಬನಿಗೆ ಬರದಿರುವುದೇ ಹೆಚ್ಚು. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಮನುಷ್ಯನ ವಂಶವಾಹಿಗಳಲ್ಲಿ ಈ ಕಾಯಿಲೆಗೆ ನಂಟಿರುವ 287 ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಎಳ್ಳಿನಷ್ಟು. ಅಂಥ ಎಳ್ಳುಗಳು ನನ್ನಲ್ಲೂ ಇವೆ, ಓದುತ್ತಿರುವ ನಿಮ್ಮಲ್ಲೂ ಇವೆ. ಅವನ್ನು ಯಾರೂ ಆರಿಸಿ ಮಕ್ಕಳ ಬುತ್ತಿಗೆ ಕಟ್ಟುವುದಿಲ್ಲ.

ದೂರುವುದರಿಂದ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಾರರು ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಗಮನಿಸಿದರು. ಸದಾ ಕೊಂಕು, ಸಿಡುಕು, ಅತಿಯಾದ ಕಾವಲು ಇದ್ದ ಮನೆಗಳಿಗೆ ಹೋದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಿತ್ತು. ಯಾರಿಂದ ಬಂತು ಎಂದು ದಿನವೂ ಜಗಳವಾಡುವ ಮನೆಯಲ್ಲಿ ಕಾಯಿಲೆ ಮತ್ತೆ ಬರಲು ದಾರಿ ಮಾಡಿಕೊಟ್ಟಂತೆಯೇ. ನಮ್ಮ ಮನೆಯಲ್ಲಿ ನಾನದನ್ನು ಕಂಡಿದ್ದೇನೆ. ಅಮ್ಮನೂ ಅಪ್ಪಯ್ಯನೂ ಹಾವಿನ ಮಾತೆತ್ತಿ ಅತ್ತ ರಾತ್ರಿ ತಮ್ಮ ಗೋಡೆಗೆ ಮುಖ ಮಾಡಿ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದ.

ನಾನು ದೇವರನ್ನು ನಂಬುವವನು. ಆದ್ದರಿಂದ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವರದಿ ನನಗೆ ತುಂಬ ಮುಖ್ಯ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ದೇವಸ್ಥಾನಕ್ಕೆ ಬಂದು ತಂಗಿದ 31 ಜನ ಮನೋರೋಗಿಗಳನ್ನು ಅಧ್ಯಯನ ಮಾಡಿದರು. ಅಲ್ಲಿ ಮಾತ್ರೆಯಿಲ್ಲ, ದೆವ್ವ ಬಿಡಿಸುವವರೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಾರೆ. ಬೆಳಗಿನ ಪೂಜೆ, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಇಷ್ಟೇ ದಿನಚರಿ. ಸರಾಸರಿ ಆರು ವಾರ ಉಳಿದು ಹೊರಟಾಗ ಅವರ ಲಕ್ಷಣಗಳ ತೀವ್ರತೆ ಸುಮಾರು 20%ರಷ್ಟು ತಗ್ಗಿತ್ತು. ಹೋಲಿಸಲು ಇನ್ನೊಂದು ಗುಂಪಿಲ್ಲದ ಸಣ್ಣ ಅಧ್ಯಯನವಿದು, ಇದನ್ನು ಹಿಡಿದು ಮದ್ದು ಬಿಡಿ ಎನ್ನುವುದು ದ್ರೋಹ. ಆದರೆ ಕೊಂಕಿಲ್ಲದ ಒಂದು ಅಂಗಳ ಮನುಷ್ಯನಿಗೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯಗಳಲ್ಲೊಂದಕ್ಕೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳಿಗೆ ಓಡಲಾಗಲಿಲ್ಲ. 28 ಜನ ಸತ್ತರು. ಅಲ್ಲಿಗೆ ತಂದು ಬಿಟ್ಟವರಿಗೂ ನಂಬಿಕೆಯಿತ್ತು. ನಂಬಿಕೆ ಗಿಡಕ್ಕೆ ನೀರು ಹಾಕಲು ಕೈಯನ್ನು ಬಿಟ್ಟುಕೊಟ್ಟರೆ ಮದ್ದು, ಕಾಲಿಗೆ ಸರಪಳಿ ಹಾಕಿದರೆ ಕೊಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಪೂರ್ತಿಯಾಗಿ ನಿಷೇಧಿಸಿದೆ. ಕಾನೂನಿಗೆ ಮೊದಲೇ ಅದನ್ನು ಧರ್ಮ ಹೇಳಬೇಕಿತ್ತು.

1989ರಲ್ಲಿ ನಾನು ತಮ್ಮನನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಊರಲ್ಲಿ ಆ ಹೆಸರನ್ನು ಬೈಗುಳವಾಗಿ ಬಳಸುತ್ತಿದ್ದುದರಿಂದ ನೆಂಟರ ಮದುವೆಗೆ ಎಂದು ಸುಳ್ಳು ಹೇಳಿ ಹೊರಟಿದ್ದೆವು. ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ರೇಡಿಯೊ ಮತ್ತೆ ಬರೀ ರೇಡಿಯೊ ಆಯಿತು. ಒಂದು ಸಂಜೆ ಅವನು ಅಂಗೈಯ ಮೇಲೆ ಮಾತ್ರೆ ಇಟ್ಟುಕೊಂಡು ಕೇಳಿದ: “ಅಣ್ಣಯ್ಯ, ಇದನ್ನು ನುಂಗಿದ ಮೇಲೆ ಯೋಚನೆ ಮಾಡುವವನು ನಾನೋ, ಮಾತ್ರೆಯೋ?”

ತತ್ತ್ವಶಾಸ್ತ್ರದ ಯಾವ ತರಗತಿಯಲ್ಲೂ ನಾನು ಇದಕ್ಕಿಂತ ದೊಡ್ಡ ಪ್ರಶ್ನೆ ಕೇಳಿಲ್ಲ. ಛಾಂದೋಗ್ಯದ ಆರನೆಯ ಅಧ್ಯಾಯದ ಕಥೆ ನೆನಪಾಯಿತು. ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಟ್ಟು ನೀರು ಮಾತ್ರ ಕುಡಿಯಲು ಹೇಳುತ್ತಾನೆ. ಆಮೇಲೆ ವೇದ ಹೇಳು ಎಂದರೆ ಹುಡುಗನಿಗೆ ಏನೂ ನೆನಪಾಗದು. ಉಂಡು ಬಂದ ಮೇಲೆ ಎಲ್ಲ ನೆನಪಾಗುತ್ತದೆ. ಉಂಡ ಅನ್ನದ ಸೂಕ್ಷ್ಮಭಾಗವೇ ಮನಸ್ಸು ಎಂದು ತಂದೆ ತಿಳಿಸುತ್ತಾನೆ. ಉಪನಿಷತ್ತಿನ ಋಷಿಗೆ ಮನಸ್ಸು ಅನ್ನದಿಂದಾದದ್ದು ಎಂದು ಹೇಳಲು ಸಂಕೋಚವಿರಲಿಲ್ಲ. ಅನ್ನದಿಂದ ಆದದ್ದು ಕೆಡಬಹುದು, ಕೆಟ್ಟದ್ದನ್ನು ಸರಿಪಡಿಸಲೂಬಹುದು. ಅದರಿಂದ ಆತ್ಮಕ್ಕೆ ಅಪಮಾನವಿಲ್ಲ. ‘ನನ್ನ ಮನಸ್ಸು ಸರಿಯಿಲ್ಲ’ ಎಂದು ಹೇಳುವವನೊಬ್ಬ ಒಳಗಿದ್ದಾನಲ್ಲ, ಅವನು ಮಾತ್ರೆಗೂ ಮೊದಲಿನವನು.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಕೇಳಿಸಿಕೊಂಡು, “ಸರಿ. ಆದರೆ ಅನ್ನ ಉಂಡರೆ ಕೈ ನಡುಗೋದಿಲ್ಲ” ಎಂದ. ಅವನ ಕೈ ನಡುಗುತ್ತಿದ್ದುದು ನಿಜ, ಲೋಟ ಹಿಡಿಯಲಾಗುತ್ತಿರಲಿಲ್ಲ. ಮಾತ್ರೆ ಕೆಟ್ಟದ್ದೆಂದು ಅವನು ಹೇಳಲಿಲ್ಲ, ತನ್ನ ಕಷ್ಟ ಹೇಳಿದ. ಮುಂದಿನ ಸಲ ವೈದ್ಯರಿಗೆ ತಿಳಿಸಿದೆವು, ಪ್ರಮಾಣ ಬದಲಾಯಿಸಿದರು. ಉಪನಿಷತ್ತನ್ನು ಹೇಳುವವನು ರೋಗಿಯ ಮಾತನ್ನೂ ಕೇಳಬೇಕೆಂದು ಅಂದು ಕಲಿತೆ.

ಈ ಕಥೆಗೆ ಇನ್ನೊಂದು ಎಳೆಯಿದೆ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧಿಯ ಬೇರು ಉದ್ರೇಕಗೊಂಡ ಮನೋರೋಗಿಗಳನ್ನು ಶಾಂತಗೊಳಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಈ ಕಾಯಿಲೆಗೆ ಜಗತ್ತು ಬಳಸಿದ ಮೊದಲ ಔಷಧಗಳಲ್ಲಿ ಅದೂ ಒಂದು. ಸರ್ಪದ ಹೆಸರಿನಲ್ಲಿ ಅಪ್ಪಯ್ಯನ ಎದೆಗೆ ಹತ್ತಿದ್ದು ಶಾಪ. ಅದೇ ಹೆಸರಿನಲ್ಲಿ ಮಣ್ಣಿನೊಳಗೆ ಮದ್ದೂ ಇತ್ತು. ಯಾರಿಂದ ಎಂದು ಕೇಳುತ್ತ ಕೂತಿದ್ದ ಮನೆಗೆ ಅದು ಕಾಣಲಿಲ್ಲ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಹತ್ತು ವಯಸ್ಕರಲ್ಲಿ ಒಬ್ಬರಿಗಾದರೂ ಒಂದಿಲ್ಲೊಂದು ಮಾನಸಿಕ ತೊಂದರೆಯಿದೆ. ಬೇರೆ ಬೇರೆ ಕಾಯಿಲೆಗಳಲ್ಲಿ 70%ರಿಂದ 92%ರಷ್ಟು ಜನ ಚಿಕಿತ್ಸೆಯ ಹೊರಗಿದ್ದಾರೆ. ವೈದ್ಯರ ಕೊರತೆ, ದೂರ, ದುಡ್ಡು ಎಲ್ಲವೂ ನಿಜ. ಜೊತೆಗೆ, ನೆಂಟರ ಮದುವೆಗೆಂದು ಸುಳ್ಳು ಹೇಳಿಯೂ ಹೊರಡಲಾಗದ ಮನೆಗಳು ಎಷ್ಟೋ.

ಕಳೆದ ಕಾರ್ತಿಕದಲ್ಲಿ ಪಕ್ಕದ ಊರಿನ ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದರು. ಮಗಳು ಕಾಲೇಜು ಬಿಟ್ಟು ಕೋಣೆ ಸೇರಿದ್ದಾಳೆ, ಒಬ್ಬಳೇ ಮಾತಾಡುತ್ತಾಳೆ. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: “ನಾನೇನು ತಪ್ಪು ಮಾಡಿದೆ ಮೇಷ್ಟ್ರೇ?”

“ನಿಮ್ಮಿಂದ ಅಲ್ಲ ತಾಯಿ” ಎಂದೆ. ಈ ಸಲ ತಡವರಿಸಲಿಲ್ಲ. ದಿನದ ಯಾವ ಹೊತ್ತಿಗಾದರೂ ಮಾತಾಡಬಹುದಾದ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದೆ. ಅವರು ಚೀಟಿಯನ್ನು ಮಡಚಿ ಹಿಡಿದುಕೊಂಡರು, ಏಳಲಿಲ್ಲ. ನನ್ನ ಮಾತು ಅವರೊಳಗೆ ಇಳಿದಂತೆ ಕಾಣಲಿಲ್ಲ.

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ತಮ್ಮ ತಲೆಯೆತ್ತಿದ. ಅವನಿಗೀಗ ಅರವತ್ತರ ಹತ್ತಿರ. “ಮಾತ್ರೆ ಕೊಟ್ಟರೆ ಶುರುವಿನಲ್ಲಿ ಬಾಯಿ ಒಣಗುತ್ತದೆ, ಹೆದರಬೇಡಿ” ಎಂದು ಅವರಿಗೆ ಹೇಳಿದ. “ನನಗೆ ಅನ್ನ ಉಂಡ ಮೇಲೆ ತಗೊಂಡರೆ ಒಗ್ಗುತ್ತಿತ್ತು. ಅವಳು ಉಣ್ಣೋವಾಗ ಜೊತೆಗೆ ಕೂತ್ಕೊಳ್ಳಿ. ಏನೂ ಕೇಳಬೇಡಿ, ಸುಮ್ಮನೆ ಕೂತ್ಕೊಳ್ಳಿ.”

ಆ ತಾಯಿ ಅವನನ್ನೇ ನೋಡುತ್ತ ತಲೆಯಾಡಿಸಿದರು.